ಆ ವಿಡಿಯೋದಲ್ಲಿ ಹಕ್ಕಿಗಳು ಬಿದ್ದದ್ದೇಕೆ? ಗಜೇಂದ್ರಗಡದ ಜೋಳದ ಹೊಲದಲ್ಲಿ ಸಿಕ್ಕ ಉತ್ತರ

ಚಳಿಗಾಲ ಬಂತೆಂದರೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೋ ತಪ್ಪದೆ ಬರುತ್ತದೆ. ನಿಮಗೂ ಬಂದಿರಬಹುದು. ಬೀದಿಯೊಂದರ ಸಿಸಿಟಿವಿ ದೃಶ್ಯ. ಕಪ್ಪು ಹೊಗೆಯಂಥದ್ದು ಆಕಾಶದಿಂದ ಸುರಿದಂತೆ ಇಳಿಯುತ್ತದೆ, ನೆಲಕ್ಕೆ ತಾಗುತ್ತದೆ, ಮತ್ತೆ ಮೇಲೇಳುತ್ತದೆ. ಹೊಗೆ ಹೋದ ಮೇಲೆ ನೋಡಿದರೆ ರಸ್ತೆ ತುಂಬ ಸತ್ತ ಹಕ್ಕಿಗಳು. ಕೆಳಗೆ ಬರಹ: ‘5ಜಿ ಟೆಸ್ಟಿಂಗ್ ಪರಿಣಾಮ. ಇವತ್ತು ಹಕ್ಕಿ, ನಾಳೆ ನಾವು. ಎಲ್ಲರಿಗೂ ಕಳುಹಿಸಿ.’ ಈ ಸಲ ಯಾರೋ ಇನ್ನೊಂದು ಸಾಲು ಸೇರಿಸಿದ್ದರು: ‘ನಮ್ಮ ಗದಗ ಜಿಲ್ಲೆಯಲ್ಲೂ ಶುರುವಾಗಿದೆ.’

ಮೊದಲೇ ಹೇಳಿಬಿಡುತ್ತೇನೆ. ವಿಡಿಯೋ ನಿಜ, ಬರಹ ಸುಳ್ಳು. ಅದು ಮೆಕ್ಸಿಕೋದ ಚಿವಾವಾ ರಾಜ್ಯದ ಕುವಾವ್ಟೆಮೋಕ್ ಎಂಬ ಪಟ್ಟಣದ್ದು, 2022ರ ಫೆಬ್ರವರಿಯದು. ಬಿದ್ದವು ಹಳದಿ ತಲೆಯ ಬ್ಲ್ಯಾಕ್‌ಬರ್ಡ್‌ಗಳು. ಬೇಸಿಗೆಯಲ್ಲಿ ಉತ್ತರದ ಕಡೆ ಮರಿಮಾಡಿ ಚಳಿಗಾಲಕ್ಕೆ ಮೆಕ್ಸಿಕೋಗೆ ಬರುವ ವಲಸೆ ಹಕ್ಕಿಗಳು. ನಮ್ಮ ದೇಶದಲ್ಲಿ 5ಜಿ ಸೇವೆ ಶುರುವಾದದ್ದೇ ಅದೇ ವರ್ಷದ ಅಕ್ಟೋಬರ್‌ನಲ್ಲಿ.

ಹಾಗಾದರೆ ಬಿದ್ದದ್ದು ಯಾಕೆ? ಇದಕ್ಕೆ ಕುರ್ಚಿಯಲ್ಲಿ ಕೂತು ಉತ್ತರ ಬರೆಯಬಹುದಿತ್ತು. ಆದರೆ ಗ್ರೂಪಿನಲ್ಲಿ ಚಿಕ್ಕಪ್ಪನ ಮಗ ‘ಇಲ್ಲಿ ಹಕ್ಕಿ ಸಾಯಾಕತ್ತಾವ ಏನ್ ನೋಡಿ ಬಾ’ ಎಂದು ಸವಾಲು ಹಾಕಿದ. ಎಳ್ಳ ಅಮಾವಾಸ್ಯೆ ಮುಗಿದ ವಾರ, ಬೈನಾಕ್ಯುಲರ್ ಹೆಗಲಿಗೆ ಹಾಕಿಕೊಂಡು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಿಂದ ನಸುಕಿನಲ್ಲೇ ನಡೆಯಲು ಶುರುಮಾಡಿದೆ.

ಊರಿನ ಬೆನ್ನಿಗೇ ಕೋಟೆಯ ಗುಡ್ಡ. ಅದರ ಸಾಲಿನಲ್ಲೇ ಕಾಲಕಾಲೇಶ್ವರನ ಗುಡಿ. ಬಿಸಿಲು ಬೀಳುವ ಹೊತ್ತಿಗೆ ಬಂಡೆಗಳ ಮೇಲೆ ನವಿಲು, ಪೊದೆಗಳಲ್ಲಿ ಪಿಕಳಾರ, ವಿದ್ಯುತ್ ತಂತಿಯ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠ. ಸತ್ತ ಹಕ್ಕಿ ಒಂದೂ ಕಾಣಲಿಲ್ಲ. ಕಂಡದ್ದು ಗುಡ್ಡದ ಮೇಲಿನ ಗಾಳಿಯಂತ್ರಗಳು, ಊರವರ ಬಾಯಲ್ಲಿ ‘ಫ್ಯಾನು’.

ಫ್ಯಾನಿನ ಬಗ್ಗೆಯೂ ಒಂದು ಕತೆ ಓಡಾಡುತ್ತದೆ. ಚಹಾ ಅಂಗಡಿಯಲ್ಲಿ ಹಿರಿಯರೊಬ್ಬರು ಹೇಳಿದರು: ‘ಇವು ಬಂದ್ ಮ್ಯಾಲೆ ಮಳಿ ಓಡಿ ಹೋತು. ಮೋಡ ಕತ್ತರಸ್ತಾವ.’ ಮಹಾರಾಷ್ಟ್ರದ ಬರದ ತಾಲ್ಲೂಕುಗಳಲ್ಲೂ ಇದೇ ಮಾತು ಇದೆ. ಲೆಕ್ಕ ಹಾಕಿ ನೋಡಿ. ಈ ಯಂತ್ರಗಳ ರೆಕ್ಕೆಯ ತುದಿ ನೆಲದಿಂದ ನೂರು, ನೂರೈವತ್ತು ಮೀಟರ್ ಎತ್ತರಕ್ಕೆ ಹೋಗುತ್ತದೆ. ಮಳೆ ತರುವ ದೊಡ್ಡ ಮೋಡಗಳ ತಳವೇ ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಆಸುಪಾಸು, ತಲೆ ಹತ್ತು ಕಿಲೋಮೀಟರಿಗೂ ಮೇಲೆ. ಗದ್ದೆಯ ಬದುವಿನಲ್ಲಿ ನಿಂತು ಬೀಸಣಿಗೆ ಬೀಸಿದರೆ ಮುಂಗಾರು ಚದುರುತ್ತದೆಯೇ? ಇವು ನೆಲದ ಹತ್ತಿರದ ಗಾಳಿಯನ್ನು ಕಲಕುತ್ತವೆ, ಅಷ್ಟೇ.

ಆದರೆ ಆ ಹಿರಿಯರ ಸಿಟ್ಟನ್ನು ಪೂರ್ತಿ ತಳ್ಳಿಹಾಕಲಾರೆ. ಫ್ಯಾನಿನಿಂದ ಪೆಟ್ಟು ಬೀಳುವುದು ಮೋಡಕ್ಕಲ್ಲ, ಹದ್ದು ಗಿಡುಗಗಳಿಗೆ. ಸಾತಾರಾ ಬಳಿಯ ಚಾಳಕೇವಾಡಿಯ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗಾಳಿಯಂತ್ರ ಇಲ್ಲದ ಕಡೆ ಬೇಟೆಗಾರ ಹಕ್ಕಿಗಳು ಯಂತ್ರ ಇರುವ ಕಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದವು. ಹಕ್ಕಿ ಕಡಿಮೆಯಾದ ಕಡೆ ಹಲ್ಲಿಗಳು ಹೆಚ್ಚಾಗಿದ್ದವು. ಅಷ್ಟೇ ಅಲ್ಲ, ಅವುಗಳಿಗೆ ಭಯವೂ ಕಡಿಮೆಯಾಗಿತ್ತು, ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಇದು ಯಾವ ಗ್ರೂಪಿನಲ್ಲೂ ಫಾರ್ವರ್ಡ್ ಆಗುವುದನ್ನು ನಾನು ನೋಡಿಲ್ಲ. ಮೋಡ ಕತ್ತರಿಸುವ ಕತೆ ಮಾತ್ರ ವರ್ಷವಿಡೀ ಓಡುತ್ತದೆ.

ಗುಡ್ಡ ಇಳಿದು ರೋಣದ ಕಡೆ ಹೊರಟರೆ ಎರೆಭೂಮಿ. ಬಿಳಿಜೋಳ, ಕಡಲೆ, ಕುಸುಬಿ. ಮರವೇ ಇಲ್ಲದ ಈ ಬಯಲಲ್ಲಿ ಎಂಥ ಹಕ್ಕಿ ಎನ್ನುವವರು ಒಂದು ಗಂಟೆ ಸುಮ್ಮನೆ ನಿಂತು ನೋಡಬೇಕು. ನೆಲಕ್ಕೆ ಒಂದೆರಡು ಮಾರು ಮೇಲೆ, ರೆಕ್ಕೆಯನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಎತ್ತಿ ಹಿಡಿದು, ಹೊಲವನ್ನು ಗುಡಿಸುವಂತೆ ತೇಲಿ ಹೋಗುವ ಹಕ್ಕಿ ಕಂಡರೆ ಅದು ಸೆಳೆವ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಬರುವ ಇವು ಇಲ್ಲಿ ಮಿಡತೆ, ಇಲಿ, ನೆಲಗುಬ್ಬಿ ತಿಂದು ಚಳಿಗಾಲ ಕಳೆಯುತ್ತವೆ. ರಾತ್ರಿ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಹುಲ್ಲುಗಾವಲು ಹೋದರೆ ಮಲಗುವ ಜಾಗವೂ ಹೋಯಿತು.

ಕಡಲೆ ಹೊಲದಲ್ಲಿ ಕಾಜಾಣ, ಬೆಳ್ಳಕ್ಕಿ, ಗೊರವಂಕ. ಚರಗದ ಬಗ್ಗೆಯೂ ಒಂದು ಫಾರ್ವರ್ಡ್ ಇದೆಯಲ್ಲ, ‘ಹಿರಿಯರು ಹುಳ ಹತೋಟಿಗಾಗಿಯೇ ಮಾಡಿದ್ದು, ನಾಸಾ ಒಪ್ಪಿದೆ’ ಎಂದು. ನಾಸಾಕ್ಕೂ ಚರಗಕ್ಕೂ ಸಂಬಂಧವಿಲ್ಲ. ಒಂದು ದಿನ ಚೆಲ್ಲಿದ ಕಡುಬು, ರೊಟ್ಟಿಯಿಂದ ಇಡೀ ಹಂಗಾಮಿನ ಕಾಯಿಕೊರಕ ಹೋಗುವುದಿಲ್ಲ. ಆದರೆ ಹಕ್ಕಿ ಹುಳ ತಿನ್ನುತ್ತದೆ ಎಂಬುದು ನಿಜ. ಅದಕ್ಕೇ ಕೃಷಿ ತಜ್ಞರು ಕಡಲೆಯಲ್ಲಿ ‘ಟಿ’ ಆಕಾರದ ಕೋಲು ನೆಟ್ಟು ಹಕ್ಕಿಗೆ ಕೂರಲು ಜಾಗ ಮಾಡಿ ಎನ್ನುವುದು. ನಾನು ನೋಡಿದ ಒಂದು ಹೊಲದಲ್ಲಿ ಅಂಥ ಪ್ರತಿ ಕೋಲಿನ ಮೇಲೂ ಒಂದು ಕಾಜಾಣ ಕೂತಿತ್ತು. ಚರಗ ಚೆಲ್ಲಲಿಕ್ಕೆ ನಾಸಾದ ಸರ್ಟಿಫಿಕೇಟು ಯಾಕೆ ಬೇಕೋ ನನಗೆ ತಿಳಿಯದು.

ಸಂಜೆ ನಾಲ್ಕೂವರೆಯ ಹೊತ್ತಿಗೆ ಉತ್ತರ ಸಿಕ್ಕಿತು. ಹಾಲುಗಾಳಿನ ಜೋಳದ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು, ಸಾವಿರಕ್ಕೂ ಹೆಚ್ಚಿರಬೇಕು. ಅಟ್ಟಣಿಗೆಯ ಮೇಲಿನ ಹುಡುಗ ಕವಣೆ ಬೀಸಿದಾಗ ಎದ್ದು ಪಕ್ಕದ ಹೊಲಕ್ಕೆ ಹೋಗುತ್ತಿದ್ದವು, ಐದು ನಿಮಿಷಕ್ಕೆ ವಾಪಸ್. ಇದ್ದಕ್ಕಿದ್ದಂತೆ ಕವಣೆ ಬೀಸದೆಯೇ ಇಡೀ ಹಿಂಡು ಒಟ್ಟಿಗೆ ಮೇಲೆದ್ದಿತು. ಮೇಲಿನಿಂದ ಡೇಗೆಯಂಥ ಹಕ್ಕಿಯೊಂದು ಕಲ್ಲು ಎಸೆದಂತೆ ಇಳಿಯಿತು. ಯಾವ ಜಾತಿ ಎಂದು ಗುರುತಿಸುವಷ್ಟು ಸಮಯ ಕೊಡಲಿಲ್ಲ. ಹಿಂಡು ಒಂದೇ ಮೈಯಂತೆ ಬಿಗಿಯಾಗಿ, ಕರ್ರಗಾಗಿ, ಜೋಳದ ತೆನೆಗೆ ತಾಗುವಷ್ಟು ಕೆಳಗೆ ಸುರಿದು ಮತ್ತೆ ಎದ್ದಿತು. ಅದೇ ಹೊಗೆ. ಅದೇ ವಿಡಿಯೋ. ಕೆಳಗೆ ಡಾಂಬರು ರಸ್ತೆಯ ಬದಲು ಜೋಳವಿತ್ತು, ಅಷ್ಟೇ ವ್ಯತ್ಯಾಸ.

ಇದು ಆಗುವುದು ಹೀಗೆ. ರೋಮ್ ನಗರದ ಕಬ್ಬಕ್ಕಿ ಹಿಂಡುಗಳನ್ನು ಇಟಲಿಯ ಭೌತವಿಜ್ಞಾನಿಗಳು ಹಲವು ಕ್ಯಾಮೆರಾ ಇಟ್ಟು ಅಳೆದರು. 2021ರಲ್ಲಿ ನೊಬೆಲ್ ಪಡೆದ ಜಾರ್ಜಿಯೋ ಪಾರಿಸಿ ಕೂಡ ಆ ತಂಡದಲ್ಲಿದ್ದರು. ಪ್ರತಿ ಹಕ್ಕಿ ಗಮನಿಸುವುದು ಇಡೀ ಹಿಂಡನ್ನಲ್ಲ, ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ. ಅಂಚಿನದು ಹೆದರಿ ತಿರುಗಿದರೆ ತಿರುವು ಅಲೆಯಂತೆ ಕ್ಷಣದಲ್ಲಿ ಎಲ್ಲಕ್ಕೂ ಹರಡುತ್ತದೆ. ಮೇಲಿನವು ಕೆಳಗೆ ಒತ್ತುತ್ತವೆ, ತಳದಲ್ಲಿರುವವಕ್ಕೆ ನೆಲ ಕಂಡಾಗ ತಡವಾಗಿರುತ್ತದೆ. ಮೆಕ್ಸಿಕೋದಲ್ಲಿ ಮೊದಲು ವಿಷದ ಹೊಗೆ, ವಿದ್ಯುತ್ ತಂತಿ ಎಂಬ ಅನುಮಾನಗಳೂ ಇದ್ದವು. ಆದರೆ ವಿಡಿಯೋ ನೋಡಿದ ಹಲವು ಪಕ್ಷಿತಜ್ಞರು ಹೆಚ್ಚು ಸಂಭವ ಎಂದದ್ದು ಇದನ್ನೇ, ಅಂದರೆ ಗಿಡುಗದ ದಾಳಿ. ಗಿಡುಗ ದೃಶ್ಯದಲ್ಲಿಲ್ಲ, ಹಾಗಾಗಿ ನೂರಕ್ಕೆ ನೂರು ಎನ್ನಲಾಗದು. ಆದರೆ ಒಂದು ಮಾತು ಗಮನಿಸಿ: ಹಿಂಡಿನ ಬಹುಪಾಲು ಹಕ್ಕಿಗಳು ಎದ್ದು ಹಾರಿಹೋಗುತ್ತವೆ. ತರಂಗ ಕೊಲ್ಲುವುದಾದರೆ ಕೆಳಗಿನ ಪದರವನ್ನು ಮಾತ್ರ ಆರಿಸಿಕೊಂಡು ಯಾಕೆ ಕೊಲ್ಲಬೇಕು?

ತರಂಗದಿಂದ ಹಕ್ಕಿಗೆ ಏನೂ ಆಗುವುದೇ ಇಲ್ಲವೇ? ನ್ಯಾಯವಾದ ಪ್ರಶ್ನೆ. ಜರ್ಮನಿಯ ಓಲ್ಡೆನ್‌ಬರ್ಗ್‌ನ ಸಂಶೋಧಕರು 2014ರಲ್ಲಿ ತೋರಿಸಿದಂತೆ, ವಿದ್ಯುತ್ ಉಪಕರಣಗಳು ಹೊಮ್ಮಿಸುವ ದುರ್ಬಲ ರೇಡಿಯೋ ಗದ್ದಲ ರಾಬಿನ್ ಹಕ್ಕಿಯ ಕಾಂತೀಯ ದಿಕ್ಸೂಚಿಯನ್ನು ಕೆಡಿಸಬಲ್ಲದು. ಆದರೆ ಅದು ಹಳೆಯ ಎಎಂ ರೇಡಿಯೋ ಬಳಸುವಂಥ ಕೆಳ ಆವರ್ತನ. ಮುಂದಿನ ಪ್ರಯೋಗಗಳಲ್ಲಿ, ಮೊಬೈಲ್ ಬಳಸುವ ಆವರ್ತನಕ್ಕಿಂತ ಬಹಳ ಕೆಳಗೇ ಈ ಪರಿಣಾಮ ನಿಂತುಹೋಗುತ್ತದೆ ಎಂದು ಕಂಡಿತು. ದಿಕ್ಕು ತಪ್ಪುವುದು ಬೇರೆ, ಸತ್ತು ಬೀಳುವುದು ಬೇರೆ.

ಇನ್ನು ‘ಸೈಬೀರಿಯಾ ಹಕ್ಕಿ’. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಎಲ್ಲರೂ ಹಾಗೆ ಕರೆಯುತ್ತಾರೆ. ಇವು ಮರಿಮಾಡುವುದು ಮಂಗೋಲಿಯಾ, ಟಿಬೆಟ್, ಕಿರ್ಗಿಸ್ತಾನಗಳಲ್ಲಿ, ನಮ್ಮದೇ ಲಡಾಖಿನಲ್ಲೂ. ಎವರೆಸ್ಟ್ ದಾಟಿ ಬರುತ್ತವೆ ಎಂಬುದೂ ಸ್ವಲ್ಪ ಉಪ್ಪು ಖಾರ ಹಚ್ಚಿದ್ದು. ಉಪಗ್ರಹ ಸಾಧನ ಕಟ್ಟಿ ಅಳೆದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್, ಎವರೆಸ್ಟ್ 8,849. ಹಿಮಾಲಯದ ಕಣಿವೆಗಳನ್ನು ಹಿಡಿದು, ನೆಲಕ್ಕೆ ಒತ್ತಿಕೊಂಡು ಏರುತ್ತಾ ಇಳಿಯುತ್ತಾ ಬರುತ್ತವೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಅವಕ್ಕಿದೆ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ.

ಹಕ್ಕಿಜ್ವರದ ಭಯ ಮಾತ್ರ ಬುಡವಿಲ್ಲದ್ದಲ್ಲ. 2021ರ ಜನವರಿಯ ಹೊತ್ತಿಗೆ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಇದೇ ಹೆಬ್ಬಾತುಗಳು ಸಾವಿರಗಟ್ಟಲೆ ಸತ್ತವು. ಆದರೆ ದೂರದಿಂದ ಹಕ್ಕಿ ನೋಡುವುದರಿಂದ ರೋಗ ಬರುವುದಿಲ್ಲ. ಮನುಷ್ಯರಿಗೆ ತಗುಲಿದ್ದು ಹೆಚ್ಚಾಗಿ ರೋಗ ಬಂದ ಕೋಳಿಗಳ ಒಡನಾಟದಿಂದ. ಕೆರೆ ಹತ್ತಿರ ಹಲವು ಹಕ್ಕಿ ಒಟ್ಟಿಗೆ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ನಾಯಿ, ಕೋಳಿಗಳನ್ನು ಹತ್ತಿರ ಬಿಡಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಅರಣ್ಯ ಇಲಾಖೆಗೆ ಫೋನ್ ಮಾಡಿ. ವಿಡಿಯೋ ಮಾಡುವುದು ಆಮೇಲೆ.

ರಾತ್ರಿ ಬಸ್ಸಿನಲ್ಲಿ ಕೂತು ಕಬ್ಬಕ್ಕಿ ಹಿಂಡಿನ ನನ್ನದೇ ವಿಡಿಯೋವನ್ನು, ಊರು, ದಿನಾಂಕ, ಸಮಯ ಬರೆದು ಗ್ರೂಪಿಗೆ ಹಾಕಿದೆ. ‘ಒಂದೂ ಸತ್ತಿಲ್ಲ, ಗಿಡುಗಕ್ಕೂ ಏನೂ ಸಿಗಲಿಲ್ಲ’ ಎಂದೂ ಬರೆದೆ. ಚಿಕ್ಕಪ್ಪನ ಮಗನ ಉತ್ತರ ಬಂತು: ‘ಜ್ವಾಳಕ್ಕ ಎಷ್ಟ್ ಲುಕ್ಸಾನ್ ಆಗಿರಬಹುದು?’