ಬದಲಿ ಕಾರ್ಮಿಕರ ದಿನಗಣನೆ

ನನ್ನ ಬಾಲ್ಯದಲ್ಲಿ ನಮ್ಮ ನೆರೆಮನೆಯವರೊಬ್ಬರು ದಾವಣಗೆರೆಯ ಹತ್ತಿಗಿರಣಿಯೊಂದರಲ್ಲಿ ಬದಲಿ ಕಾರ್ಮಿಕರಾಗಿದ್ದರು. ಕಾಯಂ ಕೆಲಸಗಾರರು ಬಾರದ ದಿನ ಮಾತ್ರ ಅವರಿಗೆ ಕೆಲಸ. ಒಮ್ಮೆ ಹತ್ತಿಯ ಅಭಾವದಿಂದ ಗಿರಣಿ ಕೆಲವು ವಾರ ನಿಂತಿತು. ಕಾಯಂ ಆದವರಿಗೆ ಅರ್ಧ ವೇತನ ಬಂತು. ಇವರಿಗೆ ಏನೂ ಇಲ್ಲ. "ಬದಲಿಯವನಿಗೆಲ್ಲಿಯ ಹಕ್ಕು?" ಎಂದು ಅವರೇ ಸುಮ್ಮನಾದರು. ಆ ಮಾತು ಪೂರ್ಣ ಸತ್ಯವಲ್ಲವೆಂದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಕಚ್ಚಾ ಸಾಮಗ್ರಿ, ಕಲ್ಲಿದ್ದಲು, ವಿದ್ಯುತ್ತುಗಳ ಕೊರತೆಯಿಂದಲೋ ಯಂತ್ರ ಕೆಟ್ಟೋ ಮಾಲೀಕರು ಕೆಲಸ ಕೊಡಲಾಗದ ಸ್ಥಿತಿಗೆ ಲೇ-ಆಫ್ ಎಂದು ಹೆಸರು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ತಂದ ತಿದ್ದುಪಡಿಯು, 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ, ಒಂದು ವರ್ಷ ಸತತ ಸೇವೆ ಸಲ್ಲಿಸಿದವರಿಗೆ ಆಗ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಕೊಡಬೇಕೆಂದು ವಿಧಿಸಿತು. ಬದಲಿಯವರನ್ನು ಅದು ಹೊರಗಿಟ್ಟದ್ದು ನಿಜ. ಆದರೆ 12 ತಿಂಗಳಲ್ಲಿ 240 ದಿನ ದುಡಿದರೆ ಸತತ ಸೇವೆಯೆಂದೇ ಗಣನೆ. ಅಂಥವರನ್ನು ಈ ವಿಷಯದಲ್ಲಿ ಬದಲಿಯವರೆನ್ನುವಂತಿಲ್ಲ. ಸವೇತನ ರಜೆಯೂ ಎಣಿಕೆಗೆ ಸೇರುತ್ತದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ.

ಇದಕ್ಕೊಂದು ಷರತ್ತುಂಟು. ಕೆಲಸವಿಲ್ಲವೆಂದು ಮನೆಯಲ್ಲಿ ಕೂರುವಂತಿಲ್ಲ. ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಹೋಗಿ ಹಾಜರಾಗಬೇಕು. 2 ಗಂಟೆಯೊಳಗೆ ಕೆಲಸ ಸಿಗದಿದ್ದರೆ ಅಂದಿನ ಪರಿಹಾರಕ್ಕೆ ದಾರಿಯಾಗುತ್ತದೆ.

ನಮ್ಮ ನೆರೆಯವರು ಆ ವರ್ಷ ಎಷ್ಟು ದಿನ ದುಡಿದಿದ್ದರೋ ಅವರಿಗೇ ತಿಳಿಯದು. ಲೆಕ್ಕವೆಲ್ಲ ಗಿರಣಿಯ ಹಾಜರಿ ಪುಸ್ತಕದಲ್ಲಿತ್ತು. ಶ್ರೋತೃಗಳಲ್ಲಿ ಬದಲಿ ಕೆಲಸದವರಿದ್ದರೆ ನನ್ನ ವಿನಂತಿ ಇಷ್ಟೆ: ದುಡಿದ ದಿನಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ನೀವೂ ಗುರುತು ಹಾಕಿಡಿ.