ಸಾಲವಸೂಲಿಯ ಬೆದರಿಕೆಯೂ ಕೋರ್ಟಿನ ಕಾಗದವೂ

ಸುಗ್ಗಿಯ ಧಾನ್ಯವು ಕಣದಿಂದ ಮನೆಗೆ ಬರುವ ಮುಂಚೆಯೇ ಸಾಲವಸೂಲಿಯವರು ಬಾಗಿಲಿಗೆ ಬರುವುದು ನಮ್ಮ ಗ್ರಾಮಗಳಲ್ಲಿ ಹೊಸ ಸಂಗತಿಯಲ್ಲ. ಹಿಂದೆ ಸಾಹುಕಾರನ ಆಳು ಬರುತ್ತಿದ್ದನು. ಈಗ ಕಿರುಸಾಲದ ಕಂಪೆನಿಯ ನೌಕರನು ಬರುತ್ತಾನೆ, ಇಲ್ಲವೆ ಫೋನಿನಲ್ಲಿಯೇ ಗದರಿಸುತ್ತಾನೆ. “ಕೋರ್ಟಿಗೆ ಎಳೆಯುತ್ತೇವೆ, ಎತ್ತುಗಳನ್ನು ಜಫ್ತಿ ಮಾಡಿಸುತ್ತೇವೆ, ಜೈಲಿಗೆ ಹಾಕಿಸುತ್ತೇವೆ” ಎಂಬ ಮಾತಿಗೆ ಅಂಜಿ ಬಿತ್ತನೆಯ ಬೀಜವನ್ನೂ ಉಳುವ ಎತ್ತುಗಳನ್ನೂ ಸಿಕ್ಕಿದ ಬೆಲೆಗೆ ಮಾರಿದವನು, ಮುಂಗಾರು ಬಂದಾಗ ಮತ್ತೆ ಸಾಲಕ್ಕೇ ಕೈಯೊಡ್ಡಬೇಕಾಗುವುದು. ಆದಕಾರಣ ಬೆದರಿಕೆ ಯಾವುದು, ಕಾನೂನು ಯಾವುದು ಎಂಬುದನ್ನು ಬೇಸಾಯಗಾರರು ಬೇರ್ಪಡಿಸಿ ಅರಿಯತಕ್ಕದ್ದು.

ಸಾಲವನ್ನು ತೀರಿಸಲಾರದಿರುವುದು ತಾನೇ ಒಂದು ಅಪರಾಧವಲ್ಲ. ಹಣದ ಬಾಬಿಗೆ ಸಿವಿಲ್ ದಾವೆಯೇ ಮಾರ್ಗವು. ಡಿಕ್ರಿಯಾದ ಮೇಲೂ, ಕೊಡುವ ಶಕ್ತಿಯಿಲ್ಲದ ಬಡವನನ್ನು ಆ ಕಾರಣವೊಂದರಿಂದಲೇ ಸೆರೆಯಲ್ಲಿಡಕೂಡದೆಂದು ಸುಪ್ರೀಂ ಕೋರ್ಟು ೧೯೮೦ರಲ್ಲಿ ತೀರ್ಪಿತ್ತಿದೆ. ಶಕ್ತಿಯಿದ್ದೂ ಆಸ್ತಿಯನ್ನು ಮರೆಮಾಚುವವನ ಮಾತು ಬೇರೆ. ಹೆಂಗಸರನ್ನಂತೂ ಹಣದ ಡಿಕ್ರಿಗಾಗಿ ದಸ್ತಗಿರಿ ಮಾಡುವಂತಿಲ್ಲ. ಆದರೆ ಚೆಕ್ಕಿನ ವಿಷಯದಲ್ಲಿ ಎಚ್ಚರವಿರಬೇಕು. ಬರೆದುಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ ಕ್ರಿಮಿನಲ್ ಮೊಕದ್ದಮೆಗೆ ಎಡೆಯುಂಟು. ಅದರ ನೋಟೀಸು ಕೈಸೇರಿದ ೧೫ ದಿನಗಳೊಳಗೆ ಹಣವನ್ನು ಸಲ್ಲಿಸತಕ್ಕದ್ದು. ಖಾಲಿ ಚೆಕ್ಕಿಗೆ ರುಜು ಹಾಕಿಕೊಡುವ ಅಭ್ಯಾಸವು ಬಹಳ ಅನರ್ಥಕಾರಿಯಾದುದು.

ಜಫ್ತಿಗೂ ಮಿತಿಯುಂಟು. ೧೯೦೮ರ ಸಿವಿಲ್ ಪ್ರೊಸೀಜರ್ ಕೋಡಿನ ೬೦ನೆಯ ಪ್ರಕರಣದಂತೆ ಬೇಸಾಯಗಾರನ ನೇಗಿಲು ಮುಂತಾದ ಉಪಕರಣಗಳು, ಜೀವನೋಪಾಯಕ್ಕೆ ಅವಶ್ಯವೆಂದು ಕೋರ್ಟಿಗೆ ತೋರುವ ದನಗಳು ಮತ್ತು ಬಿತ್ತನೆಯ ಧಾನ್ಯ, ಅವನು ವಾಸಿಸುವ ಮನೆ, ಅಡಿಗೆಯ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಹೆಂಗಸರು ಧರ್ಮಾಚಾರದಂತೆ ಮೈಯಿಂದ ತೆಗೆಯಬಾರದ ಒಡವೆ—ಇವುಗಳನ್ನು ಜಫ್ತಿ ಮಾಡುವಂತಿಲ್ಲ. ಜಮೀನಿಗೆ ಇಂತಹ ರಕ್ಷಣೆಯಿಲ್ಲ. ಮನೆಯನ್ನೇ ಆ ಸಾಲಕ್ಕೆ ಅಡಮಾನ ಮಾಡಿದ್ದರೆ ಅದಕ್ಕೂ ಇಲ್ಲ. ಅದೂ ಅಲ್ಲದೆ, ಜಫ್ತಿ ಮಾಡುವವನು ಕೋರ್ಟಿನ ಅಮೀನನೇ ಹೊರತು ಕಂಪೆನಿಯ ನೌಕರನಲ್ಲ.

ಇನ್ನು ಕಾಗದಗಳ ವಿಚಾರ. ವಕೀಲರ ನೋಟೀಸೆಂಬುದು ಸಾಲ ಕೊಟ್ಟವನ ಕೇಳಿಕೆಯಷ್ಟೆ, ಕೋರ್ಟಿನ ಆಜ್ಞೆಯಲ್ಲ. ಅದರಲ್ಲಿ ಕಾಣಿಸಿದ ಅಸಲು, ಬಡ್ಡಿ, ಸಂದಾಯಗಳನ್ನು ತನ್ನ ರಸೀದಿಗಳೊಡನೆ ಹೋಲಿಸಿ ನೋಡಿ, ಲಿಖಿತ ಉತ್ತರವನ್ನು ಕೊಡುವುದು ಮೇಲು. ಕೈಸಾಲಕ್ಕೆ ಸಾಮಾನ್ಯವಾಗಿ ೩ ವರ್ಷಗಳ ವಾಯಿದೆಯುಂಟು. ಆ ವಾಯಿದೆಯೊಳಗೆ ಸಾಲವನ್ನು ಒಪ್ಪಿ ರುಜು ಹಾಕಿದರೆ ಅಂದಿನಿಂದ ಹೊಸ ವಾಯಿದೆಯು ಹುಟ್ಟುವುದರಿಂದ, ಓದಿಸಿ ಕೇಳದೆ ಯಾವ ಕಾಗದಕ್ಕೂ ರುಜು ಹಾಕಬಾರದು. ನ್ಯಾಯವಾದ ಋಣವನ್ನು ತಪ್ಪಿಸಿಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಕೊಡಬೇಕಾದುದೆಷ್ಟೆಂದು ತಿಳಿದು ಕೊಡಿರೆನ್ನುತ್ತೇವೆ.

ಸಮನ್ಸು ಹಾಗಲ್ಲ. ಅದರಲ್ಲಿ ಕೋರ್ಟಿನ ಮೊಹರು, ದಾವೆಯ ನಂಬರು, ಹಾಜರಾಗಬೇಕಾದ ತಾರೀಖು ಇರುವುವು. ಅಮೀನನನ್ನು ಕಂಡು ಹೊಲದ ಕಡೆ ಮರೆಯಾಗುವವರನ್ನು ನಾವು ಬಲ್ಲೆವು, ಅದರಿಂದ ಪ್ರಯೋಜನವಿಲ್ಲ. ಸಮನ್ಸನ್ನು ಬಾಗಿಲಿಗೆ ಅಂಟಿಸಿ ಹೋದರೂ ಅದು ಜಾರಿಯಾಯಿತೆಂದು ಕೋರ್ಟು ಎಣಿಸಬಹುದು. ಎದುರುಪಕ್ಷವು ಕೇಳಿದಷ್ಟಕ್ಕೂ ಏಕಪಕ್ಷೀಯ ಡಿಕ್ರಿಯಾಗಬಹುದು. ಹಾಜರಾಗಿ ೩೦ ದಿನಗಳೊಳಗೆ ಲಿಖಿತ ಹೇಳಿಕೆಯನ್ನು ಸಲ್ಲಿಸಿದವನಿಗೆ ಲೆಕ್ಕವನ್ನು ಪ್ರಶ್ನಿಸುವ ಹಕ್ಕೂ, ಕಂತುಗಳಲ್ಲಿ ಕೊಡುತ್ತೇನೆಂದು ಬೇಡುವ ಅವಕಾಶವೂ ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ವರ್ಗದವರಿಗೆ ಹಾಗೂ ಅಲ್ಪವರಮಾನದವರಿಗೆ ವಕೀಲರ ನೆರವು ಉಚಿತವಾಗಿ ದೊರೆಯುವುದು, ಫೋನು ೧೫೧೦೦. ಉಭಯರೂ ಒಪ್ಪಿದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು.

ಬೆದರಿಸುವವರಿಗೂ ಕಟ್ಟುಪಾಡುಗಳಿವೆ. ರಿಸರ್ವ್ ಬ್ಯಾಂಕು ೨೦೨೨ರಲ್ಲಿ ಕಿರುಸಾಲಗಳ ಬಗ್ಗೆ ವಿಧಿಸಿದ ನಿಯಮಗಳಂತೆ ಬೆಳಿಗ್ಗೆ ೯ ಘಂಟೆಗೆ ಮುಂಚೆ, ಸಂಜೆ ೬ ಘಂಟೆಯ ಮೇಲೆ ಫೋನು ಮಾಡಕೂಡದು. ಬಯ್ಯುವುದು, ನಂಟರನ್ನು ಪೀಡಿಸುವುದು, ಹಣ ಕೊಡದಿದ್ದರೆ ಹೀಗಾಗುವುದೆಂದು ಸುಳ್ಳು ಹೇಳಿ ದಾರಿತಪ್ಪಿಸುವುದು ಇವೆಲ್ಲವೂ ನಿಷಿದ್ಧ. ಕಿರುಸಾಲ ಹಾಗೂ ಸಣ್ಣಸಾಲಗಳ ವಸೂಲಿಯಲ್ಲಿನ ಬಲಾತ್ಕಾರವನ್ನು ತಡೆಯಲು ಕರ್ನಾಟಕವು ೨೦೨೫ರಲ್ಲಿ ಮಾಡಿದ ಶಾಸನದಲ್ಲಿ ೧೦ ವರ್ಷಗಳವರೆಗೆ ಸೆರೆವಾಸವನ್ನೂ ೫ ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆಯನ್ನೂ ವಿಧಿಸಲವಕಾಶವಿದೆ. ಬಂದವರ ಹೆಸರು, ದಿನ, ವೇಳೆ, ಆಡಿದ ಮಾತು ಇವುಗಳನ್ನು ಆಗಲೇ ಬರೆದಿಟ್ಟು ಪೋಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಕಂತು ಕಟ್ಟಿದಾಗಲೆಲ್ಲ ರಸೀದಿಯನ್ನೂ, ಸಾಲ ಪೂರ್ತಿ ತೀರಿದ ದಿನವೇ ಪ್ರೋನೋಟು ಮತ್ತು ಚೆಕ್ಕುಗಳನ್ನೂ ಕೇಳಿ ವಾಪಸು ಪಡೆಯತಕ್ಕದ್ದು.