ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸುವುದೇಕೆ?

ದಸರೆ ಹೊತ್ತಿಗೆ ಮಹಾರಾಷ್ಟ್ರದ ಶಿರೂರ ಅನಂತಪಾಳ, ನಿಲಂಗಾ, ಉದಗೀರ ಕಡೆ ಸೋಯಾಬೀನ್ ರಾಶಿಯ ಭರಾಟೆ. ಮಷೀನಿನಿಂದೇಳುವ ಧೂಳು ದಮ್ಮಿದ್ದವರಿಗೆ ಆಗಿಬರದು. 1980ರ ದಶಕದಲ್ಲಿ ಸ್ಪೇನಿನ ಬಾರ್ಸಿಲೋನಾ ಬಂದರಿನಲ್ಲಿ ಹಡಗಿನಿಂದ ಸೋಯಾ ಇಳಿಸಿದ ದಿನಗಳಲ್ಲಿ ಅಸ್ತಮಾ ರೋಗಿಗಳು ಆಸ್ಪತ್ರೆಗೆ ದಂಡುಗಟ್ಟಿ ಬರುತ್ತಿದ್ದರು!

ಅಸ್ತಮಾಕ್ಕೆ ವೈದ್ಯರು ಬರೆದುಕೊಡುವ ಜೋಡಿ ಇನ್‌ಹೇಲರಿನಲ್ಲಿ ಎರಡು ಮದ್ದು. ಬುಡೆಸೊನೈಡ್ ಅಥವಾ ಫ್ಲುಟಿಕಸೋನ್ ಎಂಬ ಸ್ಟೆರಾಯ್ಡ್ ಶ್ವಾಸನಾಳದ ಬಾವು ಇಳಿಸುತ್ತದೆ. ಫಾರ್ಮೊಟೆರಾಲ್ ಅಥವಾ ಸಾಲ್ಮೆಟೆರಾಲ್ ಬಿಗಿದ ನಾಳವನ್ನು ಸಡಿಲಿಸುತ್ತದೆ. ಅಡ್ಡ ಪರಿಣಾಮವೂ ಎರಡು ಬಗೆಯದು.

ಸ್ಟೆರಾಯ್ಡ್ ಬಾಯಿ, ಗಂಟಲಲ್ಲೇ ಉಳಿದರೆ ದನಿ ಒಡೆಯುತ್ತದೆ. ನಾಲಿಗೆ, ಕೆನ್ನೆಯ ಒಳಬದಿಗೆ ಮೊಸರು ಮೆತ್ತಿದಂತೆ ಬಿಳಿ ಬೂಷ್ಟು ಕೂರುತ್ತದೆ. ಎಳೆದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ, ಗಂಟಲನ್ನೂ ಗಳಗಳಿಸಿ ಉಗುಳಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಆ ನೀರನ್ನು ನುಂಗಬಾರದು. ಇಷ್ಟು ಸುಲಭದ ಕೆಲಸವನ್ನೇ ಹೆಚ್ಚಿನವರು ಮರೆಯುವುದು!

ಇನ್ನೊಂದು ಮದ್ದಿನಿಂದ ಕೈ ನಡುಗಬಹುದು, ಎದೆ ಡವಡವ ಎನ್ನಬಹುದು. ತಲೆನೋವು, ಸ್ನಾಯು ಸೆಳೆತವೂ ಉಂಟು. ದಿನ ಕಳೆದಂತೆ ಸಾಮಾನ್ಯವಾಗಿ ತಗ್ಗುತ್ತವೆ.

ಜೋಡಿ ಇನ್‌ಹೇಲರ್ ಡಬ್ಬಿಗಳ ಮಾಹಿತಿ ಪತ್ರದಲ್ಲಿ ಅಸ್ತಮಾ ಸಾವಿನ ಕುರಿತು ಹಿಂದೆ ಇದ್ದ ಚೌಕಟ್ಟಿನ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಕರು 2017ರ ಡಿಸೆಂಬರಿನಲ್ಲಿ ತೆಗೆದುಹಾಕಿದರು. ನಾಳ ಸಡಿಲಿಸುವ ಮದ್ದಿಗೆ ಸ್ಟೆರಾಯ್ಡ್ ಜತೆಗಿದ್ದರೆ ಅಂಥ ಅಪಾಯ ಹೆಚ್ಚುವುದಿಲ್ಲ ಎಂದು ದೊಡ್ಡ ಪರೀಕ್ಷೆಗಳಲ್ಲಿ ಕಂಡುಬಂದಿತ್ತು.

ಮದ್ದು ಎಳೆದ ತಕ್ಷಣ ಉಬ್ಬಸ ಏರಿದರೆ, ತುಟಿ-ಮುಖ ಊದಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಉಳಿದ ತೊಂದರೆಗಳಿಗೆ ವೈದ್ಯರನ್ನು ಕೇಳದೆ ಇನ್‌ಹೇಲರ್ ನಿಲ್ಲಿಸಬೇಡಿ.